ಮುಖಪುಟದ ನಾಲ್ಕು ಹೆಸರು

ತೊಂಬತ್ತರ ದಶಕದ ಕೊನೆ. ಎಂಬಿಎ ಓದುತ್ತಿದ್ದ ನಾವು ನಾಲ್ವರು ಸೇರಿ, ಒಂದು ಕಂಪ್ಯೂಟರ್ ಕಂಪನಿಯ ವ್ಯಾಪಾರ ಯಾಕೆ ಬಿತ್ತು ಎಂದು ವರದಿ ಬರೆದಿದ್ದೆವು. ಬೆಲೆ ಜಾಸ್ತಿ, ಜಾಹೀರಾತು ಕಮ್ಮಿ ಎಂಬುದು ನಮ್ಮ ತೀರ್ಪು. ದಾವಣಗೆರೆಯ ಕೆ.ಬಿ. ಬಡಾವಣೆಯ ಡಿಟಿಪಿ ಅಂಗಡಿಯಲ್ಲಿ ಅದನ್ನು ಟೈಪ್ ಮಾಡುತ್ತಿದ್ದ ರಫೀಕಣ್ಣ ಮೂರನೇ ಪುಟಕ್ಕೆ ಕೈ ನಿಲ್ಲಿಸಿದರು.

“ಹಂಗಲ್ರಿ ಇದು. ಈ ಕಂಪ್ಯೂಟರ್ ಅದೇ ಕಂಪನೀದು, ಚೆನ್ನಾಗೇ ಐತೆ. ಆದ್ರೆ ಕೆಟ್ರೆ ನೋಡೋರು ದಾವಣಗೆರ್ಯಾಗಿಲ್ಲ, ಹರಿಹರದಾಗಿಲ್ಲ. ಬೆಂಗಳೂರಿಂದ ಬರೋತಂಕ ಅಂಗಡಿ ಬಂದ್. ಇನ್ನೊಂದು ಯಾರು ತಗೋತಾರ್ರಿ?”

ನಾವ್ಯಾರೂ ಆ ಕಂಪ್ಯೂಟರನ್ನು ಮುಟ್ಟಿಯೂ ನೋಡಿರಲಿಲ್ಲ. ತೆಪ್ಪಗೆ ಅವರ ಮಾತನ್ನೇ ಸೇರಿಸಿದೆವು. ಮೇಷ್ಟ್ರು ಮೆಚ್ಚಿದ್ದು ಆ ಪ್ಯಾರಾ ಒಂದನ್ನೇ. ರಫೀಕಣ್ಣನ ಉಪಕಾರ ನಾನಿನ್ನೂ ಮರೆತಿಲ್ಲ. ಆದರೆ ಮುಖಪುಟಕ್ಕೆ ಐದನೇ ಹೆಸರು ಬೇಕೆಂದು ಅವತ್ತು ಯಾರಿಗೂ ಹೊಳೆಯಲಿಲ್ಲ. ನಮ್ಮ ನಾಲ್ಕನ್ನೂ ದಪ್ಪಕ್ಷರದಲ್ಲಿ, ಒಂದೂ ತಪ್ಪಿಲ್ಲದೆ ಟೈಪ್ ಮಾಡಿಕೊಟ್ಟವರು ಅವರೇ.