ಕಣದಲ್ಲಿ ಓಡಿದ ಬೈಸಿಕಲ್ಲು

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತಿದ್ದೇನೋ ಅಷ್ಟೇ ಸಲ ಎದ್ದಿದ್ದೇನೆ. ಒಂದು ಸಲ ಶಾಯಿ ಒಣಗಿತ್ತು. ಒಂದು ಸಲ ಕನ್ನಡಕ ಸಿಗಲಿಲ್ಲ. ಇನ್ನೊಂದು ಸಲ ಎರಡೂ ಇದ್ದವು, ಹಸಿವಾಯಿತು. ಈಗ ನೆಪಗಳಿಗೂ ನನ್ನಷ್ಟೇ ವಯಸ್ಸಾಗಿ ಅವು ಎದ್ದು ಬರುತ್ತಿಲ್ಲ.

ಆಗ ನನಗೆ ಇಪ್ಪತ್ತು ವರ್ಷ. ಚಿತ್ರದುರ್ಗದಲ್ಲಿ ಹೈಸ್ಕೂಲು ಮುಗಿಸಿ, ಸರ್ಕಾರಿ ನೌಕರಿಯ ಆರ್ಡರು ಬರುತ್ತದೆಂದು ಹೊಳಲ್ಕೆರೆ ಸೀಮೆಯ ನಮ್ಮ ಹಳ್ಳಿಯಲ್ಲಿ ಕೂತಿದ್ದೆ. ಅಪ್ಪ ತೀರಿಕೊಂಡಿದ್ದರು. ಅಣ್ಣ ಉಳುತ್ತಿದ್ದ, ಅತ್ತಿಗೆ ದುಡಿಯುತ್ತಿದ್ದರು, ಅವ್ವ ಇಬ್ಬರನ್ನೂ ಆಳುತ್ತಿದ್ದಳು. ನಾನು ಓದಿದವನಾಗಿದ್ದೆ. ಅದು ಆ ಮನೆಯಲ್ಲಿ ಒಂದು ಕೆಲಸವೇ ಆಗಿತ್ತು.

ನನ್ನ ಹತ್ತಿರ ಬೈಸಿಕಲ್ಲು ಇತ್ತು. ವರ್ಗವಾಗಿ ಹೋಗುತ್ತಿದ್ದ ಅಧಿಕಾರಿಯೊಬ್ಬರಿಂದ ಕೊಂಡದ್ದು. ಅದು ರೈಲಿನಲ್ಲಿ ರಾಮಗಿರಿ ಸ್ಟೇಷನ್ನಿಗೆ ಬಂದಿಳಿದ ದಿನ ನನಗೆ ಅದನ್ನು ಏರಲು ಬರುತ್ತಿರಲಿಲ್ಲ. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಮಲಗಿಸಿ, ಬಾಣಂತಿಯನ್ನು ತವರಿಂದ ಕರೆತರುವಂತೆ ತಂದೆವು. ಎರಡು ವರ್ಷದಲ್ಲಿ ನಾನು ಎಂಥ ಸವಾರನಾದೆನೆಂದರೆ, ಬೇಸಿಗೆಯಲ್ಲಿ ದುರ್ಗದಿಂದ ಹಿರಿಯೂರಿಗೆ ನಡೆಯುವ ಪಂದ್ಯದಲ್ಲಿ ಎರಡನೆಯವನಾಗಿ ಬಂದೆ. ಓಡಿಸಿದವರು ಎಷ್ಟು ಜನ ಎಂದು ಊರಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಂದಿನ ಬೇಸಿಗೆಗೆ ಮೊದಲನೆಯವನಾಗಲೇಬೇಕೆಂದು ಹಟ ಹಿಡಿದೆ.

ಆದರೆ ನಡುವೆ ಚಳಿಗಾಲ ಬಿದ್ದಿತ್ತು. ಮಳೆಗಾಲದಲ್ಲಿ ಗಾಡಿಗಳು ಕೊರೆದ ಚಡಿಗಳು ಕಾರ್ತೀಕದ ಬಿಸಿಲಿಗೆ ಒಣಗಿ ಕಲ್ಲಾಗಿದ್ದವು. ಅವುಗಳ ನಡುವೆ ನೆಗ್ಗಿಲು ಮುಳ್ಳು. ಊರ ಬಾಗಿಲು ದಾಟುವಷ್ಟರಲ್ಲಿ ಟೈರು ಉಸಿರು ಬಿಡುತ್ತಿತ್ತು. ಹೀಗಾಗಿ ನಾನು ಕೊಟ್ಟಿಗೆಯಲ್ಲಿ ಬೈಸಿಕಲ್ಲನ್ನು ತಲೆಕೆಳಗು ನಿಲ್ಲಿಸಿ, ಕೈಯಲ್ಲಿ ಪೆಡಲು ತಿರುಗಿಸಿ, ಚಕ್ರದ ವೇಗ ನೋಡಿ ಸಂತೋಷಪಡುತ್ತಿದ್ದೆ. ಕಾಲಿಗೆ ಹರಳೆಣ್ಣೆ ತಿಕ್ಕಿಕೊಂಡು, ಬೆಲ್ಲ ಕಡಲೆಕಾಯಿ ತಿಂದು, ಬಲ ಬಂತೆಂದು ತೊಡೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಒಂದು ದಿನ ನೆರೆಮನೆಯ ಅಜ್ಜ ಕೊಟ್ಟಿಗೆಯೊಳಗೆ ಇಣುಕಿದ.

“ಏನಪ್ಪ, ನಿನ್ನ ಕುದುರೆ ಕಾಲು ಮ್ಯಾಲೆ ಮಾಡಿ ಮಲಗೈತಲ್ಲ, ಹೊಟ್ಟೆ ಉಬ್ಬರಾನಾ?”

“ಅಭ್ಯಾಸ ಅಜ್ಜ.”

“ಮಾಡಪ್ಪ, ಮಾಡು. ನಮ್ಮ ಎತ್ತೂ ಹಿಂಗೇ ಅಭ್ಯಾಸ ಮಾಡಿದ್ರೆ ಉಳಾಕೆ ನಾನೇ ಹೋಗಬೇಕಾಗ್ತಿತ್ತು.”

ಆ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ದಿನ ಎಣಿಸುತ್ತಿದ್ದವನು ನಾನೊಬ್ಬನೇ ಅಲ್ಲ. ಅತ್ತಿಗೆಯೂ ಎಣಿಸುತ್ತಿದ್ದರು. ಅವರ ತವರು ಹೊಸದುರ್ಗದ ಕಡೆಯ ಮತ್ತೋಡು. ಅಲ್ಲಿ ಮಾಘದಲ್ಲಿ ಅವರ ತಂಗಿಯ ಮದುವೆ. ತಾಯಿ ಇಲ್ಲದ ಹುಡುಗಿ, ಅತ್ತಿಗೆಯೇ ಎತ್ತಿ ಆಡಿಸಿ ಬೆಳೆಸಿದ್ದು. ಅರಿಶಿನ ಹಚ್ಚಿ, ತಲೆ ಹೆಣೆದು, ತಾಯಿಯ ಜಾಗದಲ್ಲಿ ನಿಲ್ಲಬೇಕಾದವರು ಅವರೇ. “ರಾಗಿ ಒಕ್ಕಣೆ ಮುಗಿದು ಕಾಳು ಮನೆ ಸೇರಿದ ಮ್ಯಾಲೆ ಹೋಗು” ಎಂದು ಅವ್ವ ಮಾತು ಕೊಟ್ಟಿದ್ದಳು.

ಒಕ್ಕಣೆಗೆ ಕಣ ಮಾಡಬೇಕು. ನೆಲ ಕೆತ್ತಿ, ನೀರು ಹನಿಸಿ, ದನ ತುಳಿಸಿ, ಒಣಗಿಸಿ, ಮೇಲೆ ಸಗಣಿ ಬಗ್ಗಡ ಬಳಿಯಬೇಕು. ಅಣ್ಣ ನೆಲ ಮಾಡಿದ. ಬಳಿದವರು ಅತ್ತಿಗೆ, ಒಬ್ಬರೇ, ಮೂರು ದಿನ ಬಗ್ಗಿಕೊಂಡು. ಊರ ಹೊರಗೆ, ರಾಗಿ ಬಣವೆಗಳ ಹಿಂದೆ, ನಡುವೆ ಮೇಟಿ ಕಂಬ ನಿಂತ ಆ ಕಣ ಅಂಗೈಯಂತೆ ನುಣ್ಣಗಿತ್ತು. ಸುತ್ತ ಹತ್ತು ಮೈಲಿಯಲ್ಲಿ ಮುಳ್ಳಿಲ್ಲದ, ಚಡಿ ಇಲ್ಲದ, ದುಂಡನೆಯ ನೆಲ ಅದೊಂದೇ. ಅದನ್ನು ನೋಡಿ ಅಣ್ಣನಿಗೆ ರಾಗಿ ಕಂಡಿತು, ಅತ್ತಿಗೆಗೆ ಮತ್ತೋಡು ಕಂಡಿತು. ನನಗೆ ಹಿರಿಯೂರು ರಸ್ತೆ ಕಂಡಿತು.

ಕಣಕ್ಕೆ ಕಾಲುಮರೆ ಮೆಟ್ಟಿ ಹೋಗಬಾರದೆಂದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ನಾನು ಓದಿದವನಲ್ಲವೇ, ವಾದ ಹೂಡಿದೆ. ಮೆಟ್ಟು ತೆಗೆದಿಟ್ಟು ಬರಿಗಾಲಲ್ಲಿ ತುಳಿಯುತ್ತೇನೆ. ಚಕ್ರಕ್ಕೆ ಇರುವುದು ರಬ್ಬರು, ರಬ್ಬರು ಮರದ ಹಾಲು, ಹಾಲಿಗೆ ಮೈಲಿಗೆ ಎಲ್ಲಿಂದ? ಸೀಟು ತೊಗಲಿನದು ನಿಜ, ಆದರೆ ಅದು ನೆಲ ಮುಟ್ಟುವುದಿಲ್ಲ. ಇಂಥ ತರ್ಕವನ್ನು ಪರೀಕ್ಷೆಯಲ್ಲಿ ಬರೆದಿದ್ದರೆ ಇನ್ನೂ ಮೇಲಿನ ಕ್ಲಾಸಿನಲ್ಲಿ ಪಾಸಾಗುತ್ತಿದ್ದೆ.

ಮಂಜು ಬಿಡುವ ಮುಂಚೆ ಹೋಗಿ ಮೇಟಿಯ ಸುತ್ತ, ಎತ್ತು ತಿರುಗುವಂತೆಯೇ ಬಲಕ್ಕೆ ಬಲಕ್ಕೆ, ನೂರಾರು ಸುತ್ತು ಹೊಡೆಯುತ್ತಿದ್ದೆ. ಹೀಗೆ ಓಡಿಸತೊಡಗಿದ ನಾಲ್ಕನೆಯ ದಿನ ಅತ್ತಿಗೆ ಸಗಣಿ ಪುಟ್ಟಿ ಹೊತ್ತು ಕೊನೆಯ ಬಳಿತಕ್ಕೆ ಬಂದರು. ಪುಟ್ಟಿ ಇಳಿಸಿ ನೆಲ ನೋಡಿದರು.

“ಇದೇನಪ್ಪ, ಹೆಬ್ಬಾವು ಹರಿದಂಗೆ ಐತಲ್ಲ?”

ನಾನು ಹಲ್ಲು ಕಿಸಿದೆ. ಅವರಿಗೂ ನಗು ಬಂತು.

“ಆಯ್ತು ಬಿಡು, ಮುಚ್ತೀನಿ. ಆದ್ರೆ ಇವತ್ತು ಬಳಿದ ಮ್ಯಾಲೆ ಒಣಗಾ ತನಕ ಇಲ್ಲಿ ಕಾಲಿಡಬ್ಯಾಡ. ಕಣ ಕೆಟ್ರೆ ಅತ್ತೆಮ್ಮ ನನ್ನ ಊರಿಗೆ ಕಳಿಸಾಕಿಲ್ಲ. ನಮ್ಮ ಮಗೀಗೆ ನಾನು ಬಿಟ್ರೆ ಯಾರವ್ರೆ, ನೀನೇ ಹೇಳು.”

“ಇಡಲ್ಲ ಅತ್ಗೆಮ್ಮ” ಎಂದು ಕೊರಳ ಲಿಂಗ ಮುಟ್ಟಿ ಆಣೆ ಮಾಡಿದೆ.

ಮಾರನೆಯ ಬೆಳಿಗ್ಗೆ ಮಂಜು ಇನ್ನೂ ದಟ್ಟವಾಗಿತ್ತು. ಒಂದು ದಿನ ಬಿಟ್ಟರೆ ಕಾಲಿನ ಹದ ತಪ್ಪುತ್ತದೆಂದು ಭಯವಾಯಿತು. ಹೋದೆ. ಅಂಚಿನಲ್ಲಿ ಮಾತ್ರ ಓಡಿಸೋಣವೆಂದು ಶುರುಮಾಡಿದ್ದು, ಇಪ್ಪತ್ತು ಸುತ್ತಾಗುವಷ್ಟರಲ್ಲಿ ಎಲ್ಲೆಲ್ಲೋ ಆಯಿತು. ಹಸಿ ಬಳಿತ ಚಕ್ರದಡಿ ಕತ್ತರಿಸಿತು. ಇಳಿದು, ಅಂಗೈಗೆ ನೀರು ಮುಟ್ಟಿಸಿಕೊಂಡು ಮೇಲೆ ಮೇಲೆ ಸವರಿದೆ. ಕಣ್ಣಿಗೆ ಚೆನ್ನಾಗಿಯೇ ಕಂಡಿತು.

ಒಕ್ಕಣೆಯ ದಿನ ಎತ್ತು, ಕಲ್ಲುಗುಂಡು ಎರಡೂ ಅದರ ಮೇಲೆ ತಿರುಗಿದವು. ಮಧ್ಯಾಹ್ನದ ಹೊತ್ತಿಗೆ ಬಳಿತ ಹಪ್ಪಳದಂತೆ ಎದ್ದು, ಪುಡಿಯಾಗಿ, ರಾಗಿಯೊಳಗೆ ಸೇರಿತು. ರಾಗಿ ಕಾಳು ಎಷ್ಟು ದಪ್ಪವೋ ಮಣ್ಣಿನ ಹರಳೂ ಅಷ್ಟೇ ದಪ್ಪ. ತೂರಿದರೆ ಎರಡೂ ಒಟ್ಟಿಗೆ ಬೀಳುತ್ತವೆ. ಅಣ್ಣ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಉಗಿದ.

“ಕರಕರ ಅಂತೈತೆ. ವರ್ಷದ ಮುದ್ದೆ ಹೋಯ್ತು.”

ಅವ್ವ ಅತ್ತಿಗೆಯ ಕಡೆ ತಿರುಗಿದಳು. “ಹಿಂಗೇನೇ ಬಳಿಯಾದು? ತವರಿಗೆ ಹೋಗಾ ಆತುರದಾಗೆ ಗೀಚಿ ಬಂದ್ಯಾ?”

“ನಾನು ಸರಿಯಾಗೇ ಬಳಿದಿದ್ದೆ ಅತ್ತೆಮ್ಮ.”

“ಮತ್ತೆ ಇದೇನು, ತಾನಾಗೇ ಎದ್ದೈತಾ?” ಅವ್ವ ನನ್ನನ್ನು ಕರೆದಳು. “ಲೇ, ನೀನು ಓದ್ದೋನು. ನೋಡಿ ಹೇಳು, ಯಾಕೆ ಹಿಂಗಾಗೈತೆ?”

ಮೂವರೂ ನನ್ನ ಬಾಯಿ ನೋಡಿದರು. ನಿಜ ಹೇಳಿದರೆ ಬೈಸಿಕಲ್ಲು ಹೋಗುತ್ತದೆ, ಬೇಸಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸುಮ್ಮನಿದ್ದರೂ ಸಾಕಿತ್ತು. ನಾನು ಬಗ್ಗಿ, ಎದ್ದ ಬಳಿತದ ಒಂದು ಹೆಕ್ಕಳೆ ಎತ್ತಿ, ಬೆಳಕಿಗೆ ಹಿಡಿದು, ಪಂಡಿತನಂತೆ ತಿರುಗಿಸಿ ನೋಡಿದೆ.

“ಸಗಣಿಗೂ ಮಣ್ಣಿಗೂ ಹದ ಕೂಡಿಲ್ಲವ್ವ. ಹದ ಕೂಡದಿದ್ರೆ ಬಿಸಿಲಿಗೆ ಪದರ ಪದರವಾಗಿ ಏಳ್ತೈತೆ. ಪುಸ್ತಕದಾಗೆ ಐತೆ.”

ಯಾವ ಪುಸ್ತಕದಲ್ಲೂ ಇರಲಿಲ್ಲ. ಅತ್ತಿಗೆ ನನ್ನ ಮುಖವನ್ನೊಮ್ಮೆ ನೋಡಿ, ಆಮೇಲೆ ಮೊರ ಎತ್ತಿಕೊಂಡರು. ಅವ್ವ ತೀರ್ಪು ಕೊಟ್ಟಳು: “ಈ ರಾಗಿ ಪೂರಾ ಹಸನಾಗಾ ತನಕ ಎಲ್ಲಿಗೂ ಹೋಗಂಗಿಲ್ಲ.”

ರಾಶಿ ರಾಗಿಯನ್ನು ಗಾಳಿಸಿ, ತೊಳೆದು, ಒಣಗಿಸುವುದು ವಾರದ ಕೆಲಸವಲ್ಲ. ಮತ್ತೋಡಿನಿಂದ ಅತ್ತಿಗೆಯ ತಂದೆ ಗಾಡಿ ಕಟ್ಟಿಕೊಂಡು ಬಂದರು. ಗಾಡಿಯಲ್ಲಿ ಹೊಸ ಚಾಪೆ ಹಾಸಿದ್ದರು.

“ಅಕ್ಕ ಬಂದ ಮ್ಯಾಲೇ ಅರಿಶಿನ ಹಚ್ಚಿಸ್ಕಂತೀನಿ ಅಂತ ಕುಂತೈತ್ರಿ ಮಗು” ಎಂದರು.

“ಕುಂತ್ಕಳ್ರಿ, ಉಂಡು ಹೋಗ್ರಿ” ಎಂದಳು ಅವ್ವ. “ಅವಳು ಬರಂಗಿಲ್ಲ. ಕಣದಾಗೆ ಮಣ್ಣು ಬೆರೆಸಿ ಕುಂತವ್ಳೆ.”

ಅವರು ಮಗಳ ತಪ್ಪಿಗೆ ತಾವೇ ಕೈಮುಗಿದು, ಉಂಡು, ಖಾಲಿ ಗಾಡಿ ಹೊಡೆದುಕೊಂಡು ಹೋದರು. ನಾನು ಕೊಟ್ಟಿಗೆಯಲ್ಲಿ ಚೈನಿಗೆ ಎಣ್ಣೆ ಬಿಡುತ್ತಿದ್ದೆ.

ಪಂದ್ಯದ ಕಥೆ ಚಿಕ್ಕದು. ಚಳಿಗಾಲದಲ್ಲಿ ಕಣ ಸುತ್ತಿ ಬಲಕ್ಕೇ ತಿರುಗಿದ ಕೈ ನೇರ ರಸ್ತೆಯನ್ನು ಒಪ್ಪಲಿಲ್ಲ. ಹಿರಿಯೂರು ಇನ್ನೂ ಕಾಣದಿರುವಾಗಲೇ ನಾನು ಬಲಗಡೆಯ ಜಾಲಿ ಪೊದೆಯೊಳಗಿದ್ದೆ. ಗಾಡಿಯವನೊಬ್ಬ ಎತ್ತು ನಿಲ್ಲಿಸಿ, “ರಸ್ತೆ ಈ ಕಡೆ ಐತ್ರಿ ಸ್ವಾಮಿ” ಎಂದ. ಮುಳ್ಳು ತೆಗೆದವರು ಅತ್ತಿಗೆ. ಆ ವರ್ಷ ಮುದ್ದೆ ನುಂಗುವಾಗ ಮನೆಯವರೆಲ್ಲರ ಹಲ್ಲಿಗೂ ಹರಳು ಸಿಗುತ್ತಿತ್ತು. ಎಷ್ಟು ತೊಳೆದರೂ ಪೂರಾ ಹೋಗಿರಲಿಲ್ಲ.

ಬಹಳ ವರ್ಷಗಳಾದ ಮೇಲೆ, ಅತ್ತಿಗೆ ಹಾಸಿಗೆ ಹಿಡಿದಾಗ, ಪಕ್ಕದಲ್ಲಿ ಕೂತು ಎಲ್ಲ ಒಪ್ಪಿಕೊಂಡೆ. ಅಳಲೂ ಸಿದ್ಧನಾಗಿ ಹೋಗಿದ್ದೆ. ಅವರು ಅದಕ್ಕೆ ಅವಕಾಶ ಕೊಡಲಿಲ್ಲ.

“ನನಗ್ಯಾಕೆ ಹೇಳ್ತೀಯಪ್ಪ? ನಂಗೆ ಆವತ್ತೇ ಗೊತ್ತಿತ್ತು. ಅವಳಿಗೆ ಗೊತ್ತಿಲ್ಲ. ರಾಗಿ ತೊಳೀಬೇಕು ಅಂತ ಅಕ್ಕ ಮದುವೆಗೆ ಬರಲಿಲ್ಲ ಅಂದ್ರೆ ಯಾರು ನಂಬ್ತಾರೆ? ಬೇಕಂತ್ಲೇ ಬಿಟ್ಟೆ ಅಂದ್ಕಂಡು ಇವತ್ತಿಗೂ ಮಾತು ಬಿಟ್ಟವ್ಳೆ. ಹೋಗಿ ಅವಳಿಗೆ ಹೇಳು. ನಾನಿರಾಗ್ಲೇ ಹೇಳು.”

ಹೂಂ ಎಂದೆ. ಈ ಸಲ ಲಿಂಗ ಮುಟ್ಟಲಿಲ್ಲ. ಎರಡು ತಿಂಗಳಿಗೆ ಅತ್ತಿಗೆ ಹೋದರು. ಸುದ್ದಿ ಮುಟ್ಟಿಸಿದರೂ ತಂಗಿ ಮಣ್ಣಿಗೆ ಬರಲಿಲ್ಲ. ಬಂದವರು, ಎಂಥ ಕಲ್ಲು ಮನಸ್ಸಿನವಳಪ್ಪ ಎಂದು ಆಡಿಕೊಂಡರು. ನಾನೂ ಅಲ್ಲೇ ಇದ್ದೆ, ತಲೆದೂಗಿದೆ.

ಈಗ ಆ ತಂಗಿಯ ಊರಿಗೆ ಬಸ್ಸು ಹೋಗುತ್ತದೆ. ನಮ್ಮೂರ ಬಾಗಿಲಲ್ಲೇ ನಿಲ್ಲುತ್ತದೆ, ಕಂಡಕ್ಟರು ಮುದುಕರಿಗೆ ಕೈಕೊಟ್ಟು ಹತ್ತಿಸಿಕೊಳ್ಳುತ್ತಾನೆ. ಎರಡು ಸಲ ಹತ್ತಿ ಕೂತಿದ್ದೆ, ಎರಡು ಸಲವೂ ಹೊಸದುರ್ಗದಲ್ಲೇ ಇಳಿದು ಕಾಫಿ ಕುಡಿದು ತಿರುಗಿ ಬಂದೆ. ಆಕೆ ಇದ್ದಾಳೆ. ಮೊಮ್ಮಕ್ಕಳನ್ನು ಕಂಡಿದ್ದಾಳೆ. ಅಕ್ಕ ತನ್ನನ್ನು ಬಿಟ್ಟಳೆಂದೇ ಇಂದಿಗೂ ನಂಬಿದ್ದಾಳೆ. ನಾನು ತಪ್ಪೊಪ್ಪಿಕೊಳ್ಳಬೇಕಾಗಿದ್ದದ್ದು ಆಕೆಯ ಮುಂದೆ: ಮತ್ತೋಡಿನಲ್ಲಿ ಹುಟ್ಟಿ, ತಾಯಿಯೂ ಅಕ್ಕನೂ ಇಲ್ಲದೆ ಅರಿಶಿನ ಹಚ್ಚಿಸಿಕೊಂಡು, ಶ್ರೀರಾಂಪುರದ ಮನೆಗೆ ಸೊಸೆಯಾಗಿ ಹೋದ, ನನ್ನ ಅತ್ತಿಗೆಯ ತಂಗಿ.