ಇಬ್ಬರಿಗೂ ಬಾಯಾದ ಕೋನಪ್ಪ

ಕೋನಪ್ಪನಿಗೆ ದೇವರು ಹೊಲ ಕೊಟ್ಟಿದ್ದು ಕಮ್ಮಿ, ಗಂಟಲು ಕೊಟ್ಟಿದ್ದು ಜಾಸ್ತಿ. ಜಂಗಮಕೋಟೆ ಆಚೆಯ ಒಂದು ಹಳ್ಳಿಯವನು. ತನ್ನ ಹೊಲದಲ್ಲಿ ಎತ್ತನ್ನು ಗದರಿದರೆ ಪಕ್ಕದೂರಿನ ಎತ್ತುಗಳೂ ನಿಂತುಬಿಡುತ್ತಿದ್ದವು. ಮನೆಯಲ್ಲಿ ರೇಷ್ಮೆಹುಳ ಮೇವು ಬಿಟ್ಟು ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂತರೆ ಸಾಕು, ಹೆಂಡತಿ ಮಂಗಮ್ಮ ಅವನನ್ನು ಹೊರಗೆ ಅಟ್ಟುತ್ತಿದ್ದಳು. "ನೀನು ಕೆಮ್ಮಿದ್ರೆ ಹುಳದ ತಟ್ಟೆಗಳು ಅದುರ್ತವೆ. ಹುಳ ಏಳೋವರ್ಗೂ ಜಗಲಿ ಮೇಲೇ ಬಿದ್ದಿರು."

ಅರವತ್ತನೇ ಇಸವಿಯಲ್ಲಿ ತಾಲ್ಲೂಕು ಬೋರ್ಡಿನ ಚುನಾವಣೆ ಬಂದಾಗಲೂ ಅವನು ಜಗಲಿಯ ಮೇಲೇ ಇದ್ದ. ನಿಂತವರು ಇಬ್ಬರು. ಊರಿನ ಇಸ್ಕೂಲು ನಡೆಯುತ್ತಿದ್ದುದು ದೇವಸ್ಥಾನದ ಪಡಸಾಲೆಯಲ್ಲಿ, ನಾಲ್ಕು ಕ್ಲಾಸಿಗೂ ಚನ್ನಕೇಶವ ಮೇಷ್ಟ್ರು ಒಬ್ಬರೇ. ಮೊದಲು ಕಟ್ಟಡ ಆಗಬೇಕು ಅಂತ ವೆಂಕಟರಾಮಪ್ಪ, ಮೊದಲು ಇನ್ನೊಬ್ಬ ಮೇಷ್ಟ್ರು ಬರಬೇಕು ಅಂತ ನಲ್ಲಪ್ಪ. ಊರವರು, "ಬೇರೆ ಬೇರೆ ಭಾಷಣ ಯಾರು ಕೇಳ್ತಾರೆ? ಒಂದೇ ಕಟ್ಟೆ ಮೇಲೆ ಕೂತು ವಾದ ಮಾಡ್ಲಿ," ಅಂದರು.

ವಾದದ ದಿನ ಶಿಡ್ಲಘಟ್ಟದಿಂದ ಮೈಕು ತರುತ್ತಿದ್ದ ಗಾಡಿ ಕಾಲುವೆಗೆ ಮಗುಚಿತು. ಮೈಕಿನ ಪೆಟ್ಟಿಗೆ ನೀರು ಕುಡಿದು ಕೂತಿತು. ವೆಂಕಟರಾಮಪ್ಪನವರದು ಹುಟ್ಟಾ ಪಿಸುಮಾತು. ನಲ್ಲಪ್ಪನವರ ಗಂಟಲು ಊರೂರು ಸುತ್ತಿ ಕಟ್ಟಿಹೋಗಿತ್ತು. ಜನ ನೋಡಿದರೆ ಕೆರೆ ಏರಿಯವರೆಗೂ ಕೂತಿದ್ದಾರೆ. ಚನ್ನಕೇಶವ ಮೇಷ್ಟ್ರೇ ದಾರಿ ತೋರಿದರು. "ಕೋನಪ್ಪ, ನೀನು ಇಬ್ಬರ ಮಧ್ಯೆ ನಿಂತ್ಕೊ. ಅವರು ಹೇಳಿದ್ದನ್ನ ಕೂಗಿ ಹೇಳು. ಅಷ್ಟೇ, ಸ್ವಂತದ್ದು ಸೇರಿಸಬೇಡ."

ಕೋನಪ್ಪ ಪಂಚೆ ಎತ್ತಿ ಕಟ್ಟಿ ನಿಂತ. ವೆಂಕಟರಾಮಪ್ಪನವರು ಅವನ ಕಿವಿಯಲ್ಲಿ ಉಸುರಿದರು.

"ಎರಡು ರೂಮು ಕಟ್ಟಿಸ್ತೀವಿ!" ಅಂತ ಕೋನಪ್ಪ ಗುಡುಗಿದ. ಜನ ಚಪ್ಪಾಳೆ ತಟ್ಟಿದರು. ತನ್ನ ಜೀವಮಾನದಲ್ಲೇ ಯಾರೂ ತನಗೆ ಚಪ್ಪಾಳೆ ತಟ್ಟಿರಲಿಲ್ಲ ಅನ್ನುವುದು ಅವನಿಗೆ ಆಗ ಹೊಳೆಯಿತು. "ಗಾಜಿನ ಕಿಟಕಿ ಇಡಿಸ್ತೀವಿ! ಮೇಲೆ ಮಹಡಿ!"

"ನಾನು ಮಹಡಿ ಅಂದ್ನೇನಯ್ಯಾ?" ವೆಂಕಟರಾಮಪ್ಪ ಅವನ ಪಂಚೆ ಜಗ್ಗಿದರು. ಯಾರಿಗೂ ಕೇಳಲಿಲ್ಲ.

ನಲ್ಲಪ್ಪನವರ ಸರದಿ ಬಂತು. ಕೋನಪ್ಪ ಆ ಕಡೆ ತಿರುಗಿ, ಕೇಳಿಸಿಕೊಂಡು, ಮತ್ತೆ ಗುಡುಗಿದ. "ಗೋಡೆ ಪಾಠ ಹೇಳ್ತದಾ? ಇಟ್ಟಿಗೆ ಮಗ್ಗಿ ಒಪ್ಪಿಸ್ತದಾ? ಕಟ್ಟಡ ಕಟ್ಟಡ ಅಂತ ಬೊಗಳಿದವನು ಯಾವನು?"

"ನೀನೇ ಕಣೋ!" ಅಂತ ಇಡೀ ಊರು ಕೂಗಿತು.

"ಅದು ಅವರ ಬಾಯಿ. ಇದು ಇವರ ಬಾಯಿ. ನಂದು ಇನ್ನೂ ತೆರೆದೇ ಇಲ್ಲ," ಅಂದ ಕೋನಪ್ಪ.

ಜನ ಬಿದ್ದು ಬಿದ್ದು ನಕ್ಕರು. ಎಡಕ್ಕೆ ತಿರುಗಿ ಒಂದು ಬೈಗುಳ, ಬಲಕ್ಕೆ ತಿರುಗಿ ಅದಕ್ಕೆ ಜವಾಬು. ಒಮ್ಮೆಯಂತೂ ತನ್ನ ಮಾತಿಗೆ ತಾನೇ ರೇಗಿ ತೋಳೇರಿಸಿಕೊಂಡು ಹೊಡೆಯಲು ಹೊರಟ. ಹೊಡೆಯುವುದು ಯಾರನ್ನು ಅಂತ ಗೊತ್ತಾಗದೆ ಮತ್ತೆ ಮಧ್ಯಕ್ಕೇ ಬಂದು ನಿಂತ.

ಅಷ್ಟರಲ್ಲಿ ಆವುಲಪ್ಪ ಅನ್ನುವ ಮುದುಕ ಎದ್ದು ನಿಂತ. "ಅದೆಲ್ಲಾ ಸರಿ. ದುಡ್ಡು ಎಲ್ಲಿಂದ?"

ವೆಂಕಟರಾಮಪ್ಪ ಕಿವಿಯಲ್ಲಿ ಹೇಳಿದರು, ರೇಷ್ಮೆಗೂಡು ಮಾರುವ ಪ್ರತಿ ಮನೆಯೂ ಇಸ್ಕೂಲಿಗೆ ಮಣಕ್ಕೆ ಒಂದು ಸೇರು ಗೂಡು ಕೊಡಬೇಕು ಅಂತ. ಕೋನಪ್ಪನ ಬಾಯಿ ತೆರೆದದ್ದು ಹಾಗೇ ಮುಚ್ಚಿತು. ಆ ವಾರ ಅವನ ಮನೆಯ ಗೂಡೇ ಸಂತೆಗೆ ಹೋಗುವುದಿತ್ತು.

"ಏನಂತಪ್ಪಾ?"

"ಏನಿಲ್ಲ. ಕೆಮ್ಮಿದರು," ಅಂದ ಕೋನಪ್ಪ.

ನಲ್ಲಪ್ಪನವರಿಗೆ ಹುರುಪು ಬಂತು. ತಮ್ಮ ಉಪಾಯವನ್ನು ಉಸುರಿದರು. ಕೆರೆ ಏರಿಯ ಹುಣಸೆ ಮರಗಳ ಫಸಲು ಹರಾಜು ಹಾಕಿದರೆ ಮೇಷ್ಟ್ರ ಸಂಬಳ ಹೊರಡುತ್ತದೆ. ಆ ಹುಣಸೆಯನ್ನು ಯಾರನ್ನೂ ಕೇಳದೆ ಬಡಿದುಕೊಂಡು ಹೋಗುತ್ತಿದ್ದವನು ಕೋನಪ್ಪನೇ.

"ಇವರೂ ಕೆಮ್ಮಿದರು."

ಹೆಂಗಸರ ಗುಂಪಿನಿಂದ ಮಂಗಮ್ಮ ಎದ್ದಳು. "ಒರೇಯ್ ದೊಡ್ಡ ಮನುಷ್ಯಾ! ನಮ್ಮನೆ ಹುಡುಗಿ ಮಳೆ ಬಂದ್ರೆ ಆ ಪಡಸಾಲೇಲಿ ಕೊಡೆ ಹಿಡ್ಕೊಂಡು ಮಗ್ಗಿ ಬರೀತಾಳೆ. ಕೂಗು!"

ಕೋನಪ್ಪ ಕೂಗಿದ. ಅಲ್ಲ, ಕೂಗಲು ನೋಡಿದ. ಬಂದದ್ದು ಇಲಿಮರಿಯ ದನಿ. ಕೊನೆಗೆ ಮೇಷ್ಟ್ರೇ ಎದ್ದು ಗೂಡಿನದೂ ಹುಣಸೆಯದೂ ಎರಡನ್ನೂ ಹೇಳಬೇಕಾಯಿತು. ಆವುಲಪ್ಪ, "ಎರಡೂ ಮಾಡ್ರಪ್ಪಾ, ಕೋನಪ್ಪನಿಗೆ ನೋವಾಗ್ತದೆ ಅಂದ್ರೆ ಅದು ಒಳ್ಳೇ ಯೋಜನೇನೇ ಇರಬೇಕು," ಅಂದ. ಜನ ಹೋ ಅಂದರು.

ವೆಂಕಟರಾಮಪ್ಪ ಗೆದ್ದರು. ಗೆದ್ದ ಮರುದಿನವೇ ಜನ ಅವರ ಮನೆ ಮುಂದೆ ನಿಂತು ಮಹಡಿ ಯಾವಾಗ ಅಂತ ಕೇಳಿದರು. ಅವರು ಕೋನಪ್ಪನ ಕಡೆ ಬೆರಳು ತೋರಿಸಿದರೆ, "ಮಾತು ಕೊಟ್ಟಿದ್ದು ನೀವು ಸ್ವಾಮಿ, ಅವನು ಬರೀ ಬಾಯಿ," ಅಂದುಬಿಟ್ಟರು. ಮಹಡಿ ಏಳಲಿಲ್ಲ. ಎರಡು ರೂಮು ಎದ್ದವು, ಒಂದೇ ಒಂದು ಗಾಜಿನ ಕಿಟಕಿ ಬಂತು. ಸೋತ ನಲ್ಲಪ್ಪನವರು ಹಟ ಹಿಡಿದು ಹುಣಸೆ ಹರಾಜು ಮಾಡಿಸಿದ್ದರಿಂದ ಎರಡನೇ ಮೇಷ್ಟ್ರೂ ಬಂದರು. ಆ ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚಿಗೆ ಸವಾಲು ಕೂಗಿದವನು ಕೋನಪ್ಪ. ಅವನಿಗೆ ಹುಣಸೆ ಬೇಕಿರಲಿಲ್ಲ, ಮನೆಯಲ್ಲಿ ಮೂರು ಮಡಕೆ ತುಂಬಿತ್ತು. ಜನ ತಿರುಗಿ ನೋಡುತ್ತಿದ್ದಾರೆ ಅಂತ ಸುಮ್ಮನೆ ಕೂಗುತ್ತಾ ಹೋದ.