ಓರಗಿತ್ತಿಯ ಕೆಮ್ಮು

ಈ ಬೆಳಿಗ್ಗೆ ಆಶಾ ಕಾರ್ಯಕರ್ತೆ ಬಾಗಿಲಲ್ಲಿ ನಿಂತು, "ಮನ್ಯಾಗ ಯಾರಿಗರ ಎರಡು ವಾರದಿಂದ ಕೆಮ್ಮು ಐತೇನ್ರಿ?" ಎಂದು ಕೇಳಿದಳು. "ಇಲ್ರಿ" ಎಂದೆ. ಈ ಸಲ ಹೇಳಿದ್ದು ನಿಜ.

ಹಿಂದೊಮ್ಮೆ ಇದೇ ಪ್ರಶ್ನೆಗೆ ಸುಳ್ಳು ಹೇಳಿದ್ದೆ. ಎಮ್ಮಿಗನೂರಿನ ಈ ಮನೆಗೆ ಕಿರಿ ಸೊಸೆಯಾಗಿ ಬಂದು ಆಗಿನ್ನೂ ಎರಡು ವರ್ಷ. ಮನೆ ಮನೆ ತಿರುಗುತ್ತಿದ್ದ ಆಶಾ, ನನ್ನ ಓರಗಿತ್ತಿ ಹುಲಿಗೆಮ್ಮನ ಕೆಮ್ಮು ಕೇಳಿ ಡಬ್ಬಿಯಲ್ಲಿ ಕಫ ಒಯ್ದಳು. ಟಿ.ಬಿ. ಎಂದು ಗೊತ್ತಾಯಿತು. ಅಂದಿನಿಂದ ಅವಳಿಗೆ ಗಾಳಿ ಬೆಳಕಿನ ಪಡಸಾಲೆ, ಮಾತ್ರೆ, ದಿನಕ್ಕೆರಡು ಮೊಟ್ಟೆ. ನನಗೆ ಇಬ್ಬರ ಪಾಲಿನ ರೊಟ್ಟಿ, ಇಬ್ಬರ ಪಾಲಿನ ಮುಸುರೆ, ಮೇಲೆ ಭತ್ತದ ನಾಟಿ. ಕೆಸರಲ್ಲಿ ಬಗ್ಗಿ ಸೊಂಟ ಹಿಡಿದಾಗ, ಅತ್ತೆ ಅವಳಿಗೆ ಮೊಟ್ಟೆ ಸುಲಿದು ಕೊಡುವುದೇ ಕಣ್ಣಿಗೆ ಕಟ್ಟುತ್ತಿತ್ತು. ನನಗೆ ಒಂದು ಬಾಳೆಹಣ್ಣನ್ನೂ ಸುಲಿದು ಕೊಟ್ಟವಳಲ್ಲ ಆಕೆ. ರೋಗದ ಮೇಲೂ ಹೊಟ್ಟೆಕಿಚ್ಚೇ ಎಂದು ನೀವು ನಗಬಹುದು. ಇತ್ತು. ಮಾತ್ರೆ ನುಂಗಿ ಅವಳು ವಾಂತಿ ಮಾಡಿಕೊಳ್ಳುವುದನ್ನು ಕಂಡರೂ ಇತ್ತು.

ಮನೆಯವರನ್ನೆಲ್ಲ ತಪಾಸಣೆ ಮಾಡಲು ಆಶಾ ಬಂದಾಗ, "ನಂಗೂ ಮೂರು ವಾರದಿಂದ ಐತ್ರಿ" ಎಂದು ಎರಡು ಸಲ ಕೆಮ್ಮಿ ತೋರಿಸಿದೆ. ಅತ್ತೆ ಮಾತ್ರ, "ನಂದು ವಯಸ್ಸಿನ ಕೆಮ್ಮು, ಬಿಡವ್ವ" ಎಂದು ಜಾರಿಕೊಂಡಳು.

ಎಕ್ಸ್‌ರೇಗೆಂದು ಕಂಪ್ಲಿಗೆ ಹೊರಟಾಗ ಅತ್ತೆ ಜೊತೆಗೆ ಬಂದಳು. "ನಿಮಗೇನೂ ಇಲ್ಲಮ್ಮ" ಎಂದರು ಡಾಕ್ಟರು. ನನಗೆ ಅಳು ಬಂತು, ಖುಷಿಗೆ ಅಂದುಕೊಂಡರು. ಅಷ್ಟರಲ್ಲಿ ಅತ್ತೆಗೆ ಕೆಮ್ಮು ಒತ್ತರಿಸಿ ಬಂತು. ಅವಳನ್ನೂ ಪರೀಕ್ಷಿಸಿದರು. ಅವಳಿಗೆ ಟಿ.ಬಿ. ಇತ್ತು.

ಮೊಟ್ಟೆ ತಿನ್ನುವವರು ಇಬ್ಬರಾದರು, ಬೇಯಿಸುವವಳು ನಾನೊಬ್ಬಳೇ.

ಇಬ್ಬರೂ ಗುಣವಾದರು. "ಸಣ್ಣ ಸೊಸಿ ಕರಕೊಂಡು ಹೋಗದಿದ್ರ ನಾ ಇರ್ತಿದ್ದಿಲ್ಲ" ಎಂದು ಅತ್ತೆ ಈಗಲೂ ಊರಿಗೆಲ್ಲ ಹೇಳುತ್ತಾಳೆ. ನಾನು ತಲೆ ತಗ್ಗಿಸುತ್ತೇನೆ. ಜನ ಅದನ್ನು ವಿನಯ ಅನ್ನುತ್ತಾರೆ.

ಇಂದು ಆಶಾ ಹೋದ ಮೇಲೆ, ತಡೆಯಲಾಗದೆ ಹುಲಿಗೆಮ್ಮನಿಗೆ ನಿಜ ಹೇಳಿಬಿಟ್ಟೆ. ಅವಳು ಅಕ್ಕಿ ಆರಿಸುತ್ತಲೇ ನಕ್ಕಳು.

"ಸುಳ್ಳು ಕೆಮ್ಮು ನಂಗ ಗೊತ್ತಾಗಂಗಿಲ್ಲೇನ್ ತಂಗಿ? ಖರೇ ಕೆಮ್ಮಿದಾಕಿ ನಾನು."

"ಮತ್ಯಾಕ ಸುಮ್ನಿದ್ದಿ ಅಕ್ಕ?"

"ಏನಂತ ಹೇಳ್ಲಿ? ನೀ ಬುತ್ತಿ ಕಟಗೊಂಡು ಗದ್ದಿಗೆ ಹೊಂಟ್ರ, ನಾ ಪಡಸಾಲ್ಯಾಗ ಕುಂತು ನೋಡ್ತಿದ್ದೆ. ಅಷ್ಟು ದೂರ ನಡ್ಯಾಕ ನಿಂಗ ಉಸಿರು ಐತಲ್ಲ ಅಂತ ಹೊಟ್ಟಿ ಉರೀತಿತ್ತು."

ನಾನು ಅವಳ ಪಕ್ಕ ಕುಳಿತು, ಮೊರದ ಇನ್ನೊಂದು ಅಂಚಿನಿಂದ ಕಲ್ಲು ಆರಿಸತೊಡಗಿದೆ.